ಒಂದು ತಾಸಿನ ವಿಮಾನ, ಏಳು ತಾಸಿನ ಪ್ರಯಾಣ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಯಾರನ್ನು ಕೇಳಿದರೂ "ಒಂದು ತಾಸು" ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸುಳ್ಳೇನಲ್ಲ. ಆದರೆ ಅದು ಹುಬ್ಬಳ್ಳಿ ಗೋಕುಲ ರಸ್ತೆಯ ನಿಲ್ದಾಣಕ್ಕೂ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ನಿಲ್ದಾಣಕ್ಕೂ ನಡುವಿನ ಲೆಕ್ಕ. ಕೇಳಿದವರು ರೋಣದವರೋ, ನರಗುಂದದವರೋ, ಗಜೇಂದ್ರಗಡದವರೋ ಆಗಿದ್ದರೆ ಅವರಿಗೆ ಬೇಕಾದ ಉತ್ತರ ಬೇರೆ. ಮನೆಯ ಬಾಗಿಲಿಗೆ ಕೀಲಿ ಹಾಕಿದ ಗಳಿಗೆಯಿಂದ ಬೆಂಗಳೂರಿನ ಆಸ್ಪತ್ರೆಯ ಅಥವಾ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಲ್ಲುವವರೆಗೆ ಎಷ್ಟು ಹೊತ್ತು ಎಂಬುದು ಅವರ ಪ್ರಶ್ನೆ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ತಿಳಿಯದೆ ಟಿಕೇಟಿಗೆ ಹಣ ಕಟ್ಟಿದವರು, ಬಸ್ಸಿನಲ್ಲಿ ಬಂದ ಪಕ್ಕದ ಮನೆಯವರಿಗಿಂತ ಅರ್ಧ ಗಂಟೆ ಮಾತ್ರ ಮೊದಲು ತಲುಪಿದ ಉದಾಹರಣೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ದೂರದರ್ಶನದ ಮಾತುಕತೆಯಲ್ಲಿ ನಕ್ಷೆಯೊಂದು ಪರದೆಯ ಮೇಲೆ ಕೆಲವು ಕ್ಷಣ ಕಾಣಿಸಿ ಮಾಯವಾಗುತ್ತದೆ. ಅಂಕಿಗಳನ್ನು ಬರೆದುಕೊಳ್ಳುವಷ್ಟರಲ್ಲಿ ಮಾತು ಮುಂದೆ ಸಾಗಿರುತ್ತದೆ. ಕಾಗದದ ಮೇಲೆ ಆ ಅವಸರವಿಲ್ಲ. ಆದ್ದರಿಂದ ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿಯೇ ಮಾಡೋಣ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಅಟ್ಲಾಸನ್ನೂ ಒಂದು ಪೆನ್ಸಿಲನ್ನೂ ಹತ್ತಿರ ಇಟ್ಟುಕೊಳ್ಳಿ.

ಮೊದಲು ದೂರದ ಮಾತು. ವಿಮಾನ ಮಾರ್ಗದ ದೂರವೆಂದರೆ ಎರಡು ನಿಲ್ದಾಣಗಳ ನಡುವೆ ಭೂಮಿಯ ಮೈಗುಂಟ ಎಳೆದ ಅತ್ಯಂತ ಗಿಡ್ಡ ಗೆರೆ. ಭೂಮಿ ದುಂಡಗಿರುವುದರಿಂದ ಆ ಗೆರೆ ನಿಜದಲ್ಲಿ ಒಂದು ಕಮಾನು. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಾಗ ಈ ಬಾಗು ಬಹಳ ಮುಖ್ಯವಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ಅದನ್ನು ಮರೆತರೂ ಲೆಕ್ಕ ಕೆಡುವುದಿಲ್ಲ. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ 111 ಕಿಲೋಮೀಟರ್. ರೇಖಾಂಶದ ಡಿಗ್ರಿ ಮಾತ್ರ ಹಾಗಲ್ಲ. ಸಮಭಾಜಕ ವೃತ್ತದಲ್ಲಿ ಅದೂ 111 ಕಿ.ಮೀ. ಇದ್ದು, ಧ್ರುವದ ಕಡೆಗೆ ಸರಿದಂತೆ ಕಿರಿದಾಗುತ್ತ ಕೊನೆಗೆ ಸೊನ್ನೆಯಾಗುತ್ತದೆ. ನಮ್ಮ ಭಾಗದಲ್ಲಿ ಅದನ್ನು 108 ಎಂದು ಹಿಡಿದರೆ ಸಾಕು.

ಹುಬ್ಬಳ್ಳಿ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 15.36, ಪೂರ್ವ ರೇಖಾಂಶ 75.08ರಲ್ಲಿ. ಕೆಂಪೇಗೌಡ ನಿಲ್ದಾಣ 13.20 ಮತ್ತು 77.71ರಲ್ಲಿದೆ. ಅಕ್ಷಾಂಶದ ವ್ಯತ್ಯಾಸ 2.16 ಡಿಗ್ರಿ. ಅದನ್ನು 111ರಿಂದ ಗುಣಿಸಿದರೆ ಸುಮಾರು 240 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ 2.63 ಡಿಗ್ರಿ. ಅದನ್ನು 108ರಿಂದ ಗುಣಿಸಿದರೆ ಸುಮಾರು 284. ಈಗ ಒಂದು ಲಂಬಕೋನ ತ್ರಿಭುಜ ಸಿಕ್ಕಿತು. ಒಂದು ಬಾಹು 240, ಇನ್ನೊಂದು 284. ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಂತೆ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಕರ್ಣ 370ರ ಆಸುಪಾಸಿಗೆ ಬರುತ್ತದೆ. ವಿಮಾನ ಚಾಲಕರು ಇದನ್ನು 200 ನಾಟಿಕಲ್ ಮೈಲಿ ಎನ್ನುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಅದು ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಸರಿಹೊಂದುತ್ತದೆ. ಹಡಗಿನವರ ಈ ಅಳತೆಯೇ ಆಕಾಶದಲ್ಲಿಯೂ ಉಳಿದುಕೊಂಡಿತು.

ಇದೇ ಊರುಗಳ ನಡುವೆ ರಸ್ತೆಯ ದೂರ ಸುಮಾರು 410 ಕಿ.ಮೀ., ರೈಲುಮಾರ್ಗದ ದೂರ 469 ಕಿ.ಮೀ. ಅಂದರೆ ರೈಲಿಗೆ ಹೋಲಿಸಿದರೆ ವಿಮಾನಕ್ಕೆ ಸುಮಾರು ನೂರು ಕಿ.ಮೀ. ಕಡಿಮೆ.

ಇನ್ನು ಸಮಯ. ಈ ಮಾರ್ಗದಲ್ಲಿ ಹೆಚ್ಚಾಗಿ ಹಾರುತ್ತ ಬಂದಿರುವ ಎಟಿಆರ್ ಜಾತಿಯ ಪಂಖದ ವಿಮಾನ ನೆಟ್ಟಗೆ ಹಾರುವಾಗ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುತ್ತದೆ. 370ನ್ನು 500ರಿಂದ ಭಾಗಿಸಿದರೆ ಮುಕ್ಕಾಲು ಗಂಟೆಯೂ ಆಗುವುದಿಲ್ಲ, ಬರೇ 44 ನಿಮಿಷ. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಮೇಲೆ ಹತ್ತು ಹದಿನೈದು ನಿಮಿಷ ಬರೆದಿರುತ್ತಾರೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ಚಕ್ಕಡಿ ನಿಲ್ಲಿಸಿದಾಗ ಗಾಲಿ ಜಾರದಂತೆ ಕಲ್ಲು ಒಡ್ಡುವುದನ್ನು ನೀವು ನೋಡಿದ್ದೀರಿ. ನಿಂತ ವಿಮಾನದ ಚಕ್ರಗಳಿಗೂ ಹಾಗೆಯೇ ಅಡ್ಡಗಟ್ಟೆ ಕೊಟ್ಟಿರುತ್ತಾರೆ. ಹುಬ್ಬಳ್ಳಿಯಲ್ಲಿ ಆ ಗಟ್ಟೆ ತೆಗೆದು ವಿಮಾನ ಕದಲಿದ ಕ್ಷಣದಿಂದ, ಬೆಂಗಳೂರಿನಲ್ಲಿ ಅದು ನಿಂತು ಮತ್ತೆ ಗಟ್ಟೆ ಕೊಡುವ ಕ್ಷಣದವರೆಗಿನ ಅವಧಿಯೇ ವೇಳಾಪಟ್ಟಿಯ ಸಮಯ. ಇದಕ್ಕೆ ವಿಮಾನಯಾನದವರು 'ಬ್ಲಾಕ್ ಟೈಮ್' ಎಂದೇ ಹೆಸರಿಟ್ಟಿದ್ದಾರೆ. ಇದರೊಳಗೆ ಓಡುದಾರಿಯ ತುದಿಗೆ ಉರುಳುತ್ತ ಹೋಗುವ ಹೊತ್ತು ಸೇರಿದೆ. ಮೇಲೇರುವಾಗ ಮತ್ತು ಇಳಿಯುವಾಗ ವೇಗ ಕಡಿಮೆಯಿರುವ ಹೊತ್ತು ಸೇರಿದೆ. ಬೆಂಗಳೂರಿನಂತಹ ಗಿಜಿಗುಡುವ ನಿಲ್ದಾಣದಲ್ಲಿ ಇಳಿಯಲು ಸರದಿಗಾಗಿ ಕಾಯುವ ಹೊತ್ತು, ಇಳಿದ ಮೇಲೆ ನಿಲುಗಡೆಯ ಜಾಗಕ್ಕೆ ಹೋಗುವ ಹತ್ತು ನಿಮಿಷ, ಎಲ್ಲವೂ ಅದರೊಳಗೇ. ಜೊತೆಗೆ ಕಂಪನಿಗಳು ಕೆಲವು ನಿಮಿಷಗಳನ್ನು ಮುಂಜಾಗ್ರತೆಗೆಂದು ಸೇರಿಸಿಕೊಳ್ಳುತ್ತವೆ. ನಿಗದಿತ ಸಮಯದ ಹದಿನೈದು ನಿಮಿಷದೊಳಗೆ ನಡೆದ ವಿಮಾನವನ್ನು ವಾಯುಯಾನದ ಲೆಕ್ಕದಲ್ಲಿ 'ಸಮಯಕ್ಕೆ ಸರಿಯಾಗಿ' ಎಂದೇ ಎಣಿಸುತ್ತಾರೆ. "ಹತ್ತು ನಿಮಿಷ ಮೊದಲೇ ಬಂದೆವು" ಎಂದು ವಿಮಾನದೊಳಗೆ ಪ್ರಕಟಣೆ ಕೇಳಿದಾಗ ಈ ಸೇರಿಸಿಟ್ಟ ನಿಮಿಷಗಳನ್ನು ನೆನೆಸಿಕೊಂಡು ಮುಗುಳ್ನಗಬಹುದು.

ನಕ್ಷೆಯ ಗೆರೆಯ ಮೇಲೆಯೇ ವಿಮಾನ ಹಾರುತ್ತದೆ ಎಂದೂ ತಿಳಿಯಬೇಡಿ. ಹುಬ್ಬಳ್ಳಿಯ ಓಡುದಾರಿ ಪೂರ್ವ-ಪಶ್ಚಿಮವಾಗಿ ಮಲಗಿದೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಆಷಾಢದಲ್ಲಿ ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿ ತಿರುಗುತ್ತವೆ ಎಂದು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಪಡುವಣ ಗಾಳಿ ಬೀಸುವ ಆ ದಿನಗಳಲ್ಲಿ ಬೆಂಗಳೂರಿಗೆ ಹೊರಟ ವಿಮಾನ ಮೊದಲು ಪಶ್ಚಿಮಕ್ಕೆ, ಅಂದರೆ ಬೆಂಗಳೂರಿಗೆ ಬೆನ್ನು ಹಾಕಿ ಏರುತ್ತದೆ. ಆಮೇಲೆ ತಿರುಗಿಕೊಳ್ಳುತ್ತದೆ. ಬೆಂಗಳೂರಿನ ಓಡುದಾರಿಗಳೂ ಪೂರ್ವ-ಪಶ್ಚಿಮವೇ. ವಾಯವ್ಯದಿಂದ ಬಂದ ವಿಮಾನ ಅಲ್ಲಿ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹೊರಳಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಎರಡೂ ತುದಿಯ ಈ ಸುತ್ತಾಟಕ್ಕೆ ಕೆಲವು ನಿಮಿಷ ಹೋಗುತ್ತದೆ. ಮೇಲಿನ ಗಾಳಿಯ ಪರಿಣಾಮ ಇಷ್ಟು ಗಿಡ್ಡ ಮಾರ್ಗದಲ್ಲಿ ಅಂಥ ದೊಡ್ಡದಲ್ಲ. ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಎರಡು ನಿಮಿಷ ಉಳಿತಾಯ, ಎದುರಿಗಿದ್ದರೆ ಮೂರು ನಿಮಿಷ ಹೆಚ್ಚು.

ಇಲ್ಲಿ ಒಂದು ಸ್ವಾರಸ್ಯವಿದೆ. ಏರುವ, ಇಳಿಯುವ, ಉರುಳುವ ಈ ಅರ್ಧ ಗಂಟೆ ಮಾರ್ಗ ಉದ್ದವಿರಲಿ ಗಿಡ್ಡವಿರಲಿ ಅಷ್ಟೇ ಇರುತ್ತದೆ. ಹುಬ್ಬಳ್ಳಿಯಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ನೇರ ದೂರ ಸುಮಾರು 75 ಕಿ.ಮೀ. ಎಟಿಆರ್ ವೇಗದಲ್ಲಿ ಅದು ಒಂಬತ್ತು ನಿಮಿಷದ ದಾರಿ. ಆದರೆ ವಿಮಾನ ನಿಜವಾಗಿ ಹಾರಿದರೆ ಗಟ್ಟೆಯಿಂದ ಗಟ್ಟೆಗೆ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ. ಅಷ್ಟರಲ್ಲಿ ಹೆದ್ದಾರಿಯ ಮೇಲಿನ ಬಸ್ಸು ಧಾರವಾಡ ದಾಟಿ ಕಿತ್ತೂರಿನ ಕಡೆಗೆ ಸಾಗಿರುತ್ತದೆ, ಅದರ ಪ್ರಯಾಣಿಕರು ಒಂದು ಗಂಟೆ ಮೊದಲು ಬಂದು ಸಾಲಿನಲ್ಲಿ ನಿಂತವರೂ ಅಲ್ಲ. ಇದಕ್ಕೆ ತಿರುಗಾಮುರುಗಾ ದೆಹಲಿಯ ಮಾತು. ಹುಬ್ಬಳ್ಳಿಯಿಂದ ದೆಹಲಿಗೆ ನೇರ ದೂರ ಸುಮಾರು 1,475 ಕಿ.ಮೀ., ಅಂದರೆ ಬೆಂಗಳೂರಿನ ನಾಲ್ಕು ಪಟ್ಟು. ಗಂಟೆಗೆ 800 ಕಿ.ಮೀ.ಗೂ ಮೇಲಿನ ವೇಗದ ಜೆಟ್ ವಿಮಾನದಲ್ಲಿ ಸಮಯ ಎರಡೂವರೆ ಗಂಟೆಯ ಆಸುಪಾಸು, ಅಂದರೆ ಬೆಂಗಳೂರಿನ ಎರಡು ಪಟ್ಟು ಮಾತ್ರ. ರೈಲಿನಲ್ಲಿ ಒಂದೂವರೆ ದಿನದಷ್ಟು ಹಿಡಿಯುವ ದಾರಿ ಅದು. ದೂರ ಹೆಚ್ಚಿದಷ್ಟೂ ವಿಮಾನದ ಉಪಯೋಗ ಹೆಚ್ಚು. ಗಿಡ್ಡ ದಾರಿಯಲ್ಲಿ ಅದರ ಮೇಲುಗೈ ನೆಲದ ಮೇಲೆಯೇ ಕರಗಿಹೋಗುತ್ತದೆ.

ಹುಬ್ಬಳ್ಳಿ ನಿಲ್ದಾಣದ ಕಥೆಯನ್ನು ಸ್ವಲ್ಪ ನೋಡೋಣ. 1974ರಲ್ಲಿ ಲೋಕೋಪಯೋಗಿ ಇಲಾಖೆ ಕಟ್ಟಿದ ಈ ನಿಲ್ದಾಣ 1996ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಬಂತು. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ಸೇವೆ ಆರಂಭಿಸಿದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು-ಹುಬ್ಬಳ್ಳಿಯೂ ಒಂದು. 48 ಆಸನಗಳ ಎಟಿಆರ್-42 ವಿಮಾನಗಳವು. ಓಡುದಾರಿ ಆಗ 1,700 ಮೀಟರಿಗೂ ಕಡಿಮೆಯಿದ್ದುದರಿಂದ ದೊಡ್ಡ ಜೆಟ್ ವಿಮಾನಗಳಿಗೆ ಇಲ್ಲಿ ಅವಕಾಶವಿರಲಿಲ್ಲ. ಅದನ್ನು 2,600 ಮೀಟರ್ ಸುಮಾರಿಗೆ ಬೆಳೆಸಿ, 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆದ ಮೇಲೆ ಚಿತ್ರ ಬದಲಾಯಿತು. 2018ರಲ್ಲಿ ಇಂಡಿಗೊ ಬಂತು. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ ಮೊದಲ ಹಾರಾಟಗಳನ್ನು ಹುಬ್ಬಳ್ಳಿ, ಬೆಂಗಳೂರು, ತಿರುಪತಿಗಳ ನಡುವೆ ನಡೆಸಿತು. 2022ರ ನವೆಂಬರಿನಲ್ಲಿ ಇಂಡಿಗೊ ದೆಹಲಿಗೆ ನೇರ ಸೇವೆ ಆರಂಭಿಸಿತು.

ಈ ನಡುವೆ ಬೆಂಗಳೂರಿನ ತುದಿಯಲ್ಲಿ ನಡೆದ ಒಂದು ಬದಲಾವಣೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 2008ರ ಮೇ 24ರವರೆಗೆ ವಿಮಾನಗಳು ಇಳಿಯುತ್ತಿದ್ದುದು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ. ಹುಬ್ಬಳ್ಳಿಯಿಂದ ಅಲ್ಲಿಗೆ ನೇರ ದೂರ ಸುಮಾರು 386 ಕಿ.ಮೀ. ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಮೇಲೆ ಆಕಾಶದ ದಾರಿ 15 ಕಿ.ಮೀ.ನಷ್ಟು ಕಡಿಮೆಯಾಯಿತು. ಎಟಿಆರ್‌ಗೆ ಅದು ಎರಡು ನಿಮಿಷದ ಉಳಿತಾಯ. ಆದರೆ ಇಳಿದವರು ಮೆಜೆಸ್ಟಿಕ್ ಸೇರಲು ಈಗ ಸುಮಾರು 35 ಕಿ.ಮೀ. ರಸ್ತೆಯಲ್ಲಿ ಹೋಗಬೇಕು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಯುವಜ್ರ ಬಸ್ಸಿನಲ್ಲಿ ಕುಳಿತು ಸಂಜೆಯ ದಟ್ಟಣೆ ಕಂಡವರಿಗೆ ಗೊತ್ತು, ಆ 35 ಕಿ.ಮೀ. ಕೆಲವು ದಿನ ಹುಬ್ಬಳ್ಳಿಯಿಂದ ಬಂದ 370 ಕಿ.ಮೀ.ಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಈಗ ನಮ್ಮ ಮೂರು ಊರುಗಳಿಗೆ ಬರೋಣ. ಮೂರೂ ಗದಗ ಜಿಲ್ಲೆಯ ತಾಲೂಕು ಕೇಂದ್ರಗಳೇ, ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿವೆ. ಮೊದಲು ನರಗುಂದ, ನಡುವೆ ರೋಣ, ಪೂರ್ವಕ್ಕೆ ಗಜೇಂದ್ರಗಡ. ಮೇಲಿನ ರೀತಿಯಲ್ಲೇ ಲೆಕ್ಕ ಹಾಕಿದರೆ ಹುಬ್ಬಳ್ಳಿ ನಿಲ್ದಾಣಕ್ಕೆ ನರಗುಂದದಿಂದ ನೇರ ದೂರ ಸುಮಾರು 51 ಕಿ.ಮೀ., ರೋಣದಿಂದ 80, ಗಜೇಂದ್ರಗಡದಿಂದ 104. ರಸ್ತೆಯಲ್ಲಿ ಹೋದರೆ ನರಗುಂದದವರು ನವಲಗುಂದದ ಮೇಲೆ ಸುಮಾರು 55 ಕಿ.ಮೀ., ರೋಣದವರು ಗದಗಿನ ಮೇಲೆ ಸುಮಾರು 95, ಗಜೇಂದ್ರಗಡದವರು ಸುಮಾರು 115 ಕಿ.ಮೀ. ಸಾಗಬೇಕು. ನರಗುಂದದವರಿಗೆ ದಾರಿ ಹೆಚ್ಚುಕಡಿಮೆ ನೇರ, ಎರೆಯ ಬಯಲಿನ ನಡುವೆ ಹೆದ್ದಾರಿಯೇ ಹೋಗಿದೆ. ಉಳಿದಿಬ್ಬರಿಗೆ ಸುತ್ತು.

ಆದರೆ ಮುಖ್ಯ ಸಂಗತಿ ಇದಲ್ಲ. ಇದೇ ಊರುಗಳಿಂದ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದು ನೋಡಿ. ನರಗುಂದದಿಂದ ಸುಮಾರು 376 ಕಿ.ಮೀ., ರೋಣದಿಂದ 350, ಗಜೇಂದ್ರಗಡದಿಂದ 338. ಗಜೇಂದ್ರಗಡ ಹುಬ್ಬಳ್ಳಿಗಿಂತ ಬೆಂಗಳೂರಿಗೆ ಮೂವತ್ತು ಕಿ.ಮೀ.ಗೂ ಹೆಚ್ಚು ಹತ್ತಿರವಿದೆ! ಬೆಂಗಳೂರಿರುವುದು ಆಗ್ನೇಯಕ್ಕೆ, ಹುಬ್ಬಳ್ಳಿಯಿರುವುದು ನೈಋತ್ಯಕ್ಕೆ. ಗಜೇಂದ್ರಗಡದ ಪ್ರಯಾಣಿಕರು ವಿಮಾನ ಹತ್ತಲು ಮೊದಲು 115 ಕಿ.ಮೀ. ಪಕ್ಕಕ್ಕೆ ಸರಿಯುತ್ತಾರೆ. ಆಮೇಲೆ 370 ಕಿ.ಮೀ. ಹಾರಿ, ಮತ್ತೆ 35 ಕಿ.ಮೀ. ರಸ್ತೆ ಸವೆಸುತ್ತಾರೆ. ಒಟ್ಟು 520 ಕಿ.ಮೀ. ಆಯಿತು. ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ಬಸ್ಸಿನಲ್ಲಿ ಹೋದವರು ಕ್ರಮಿಸುವುದು ಸುಮಾರು 430.

ಹೊತ್ತಿನ ಲೆಕ್ಕ ಹೀಗೆ ಬರುತ್ತದೆ. ಸ್ವಂತ ಅಥವಾ ಬಾಡಿಗೆ ಕಾರಿನಲ್ಲಿ ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಎರಡು ಮುಕ್ಕಾಲು ಗಂಟೆ. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಅಲ್ಲಿಗೆ ಒಂದೂವರೆ ಗಂಟೆ ಮೊದಲಾದರೂ ಮುಟ್ಟಬೇಕು. ವಿಮಾನಕ್ಕೆ ಒಂದೂಕಾಲು ಗಂಟೆ. ಇಳಿದು ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ. ನಗರ ಸೇರಲು ಒಂದೂವರೆ. ಒಟ್ಟು ಏಳೂವರೆ ಗಂಟೆ. ರೋಣದವರಿಗೆ ಇದು ಸುಮಾರು ಏಳು ಗಂಟೆ, ನರಗುಂದದವರಿಗೆ ಆರು. ಬಸ್ಸಿಗೆ ಒಂಬತ್ತು ಗಂಟೆ ಎಂದು ಹಿಡಿಯಿರಿ. ಆಗ ನರಗುಂದದವರಿಗೆ ಮೂರು ಗಂಟೆ ಉಳಿಯಿತು, ಗಜೇಂದ್ರಗಡದವರಿಗೆ ಒಂದೂವರೆ. ಬಾಡಿಗೆ ಕಾರನ್ನು ಹುಬ್ಬಳ್ಳಿಗೆ ಒಯ್ಯುವ ಬದಲು ನೇರ ಬೆಂಗಳೂರಿಗೇ ಒಯ್ದರೆ ಎಂಟು ಗಂಟೆ. ನಾಲ್ವರು ಹೊರಟಿದ್ದರೆ ಹಣದಲ್ಲಿಯೂ ಅದೇ ಲಾಭ. ರಾತ್ರಿ ಬಸ್ಸಿನಲ್ಲಿ ನಿದ್ದೆಯೊಳಗೆ ಕಳೆಯುವ ಒಂಬತ್ತು ಗಂಟೆಗೂ, ಹಗಲು ಗದಗ, ಹುಬ್ಬಳ್ಳಿ, ದೇವನಹಳ್ಳಿ ಎಂದು ಹತ್ತಿ ಇಳಿದು ಕಳೆಯುವ ಏಳೂವರೆ ಗಂಟೆಗೂ ಯಾವುದು ಭಾರ ಎಂಬುದು ಅವರವರ ಸೊಂಟಕ್ಕೆ ಬಿಟ್ಟ ಮಾತು. ರೈಲನ್ನೂ ಮರೆಯಬಾರದು. 2023ರ ಜೂನ್ 27ರಂದು ಆರಂಭವಾದ ವಂದೇ ಭಾರತ್ ರೈಲು ಹುಬ್ಬಳ್ಳಿ-ಬೆಂಗಳೂರು ನಡುವಿನ ಅವಧಿಯನ್ನು ಸುಮಾರು ಆರು ಗಂಟೆಗೆ ಇಳಿಸಿತು. ರೈಲು ಇಳಿಸುವುದು ನಗರದ ನಡುವೆ, ಹೊಲಗಳ ನಡುವೆ ಅಲ್ಲ.

ಇದು ಬರೇ ಅಂಕಿಗಳ ಆಟವಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಬೆಳಗಿನ ಆರಕ್ಕೆ ಊರಿನಿಂದ ಕೆಟ್ಟ ಸುದ್ದಿ ಬಂತು ಎನ್ನಿ. ಕಾಕಾ ಫೋನಿನಲ್ಲಿ ಕೇಳುತ್ತಾರೆ: "ಎಷ್ಟೊತ್ತಿಗೆ ಬಂದು ಮುಟ್ಟತೀಯೋ ತಮ್ಮಾ? ಮಣ್ಣು ಯಾವಾಗ ಅಂತ ಮಂದಿಗೆ ಹೇಳಬೇಕು." ಮಗ ಗಾಬರಿಯಲ್ಲಿ ಹೇಳುತ್ತಾನೆ: "ವಿಮಾನಕ್ಕ ಬರ್ತೀನಿ ಕಾಕಾ, ಒಂದು ತಾಸು ಅಷ್ಟ." ಊರಲ್ಲಿ ಹನ್ನೊಂದಕ್ಕೆ ಎಂದು ಹೇಳಿಕಳಿಸುತ್ತಾರೆ. ದೂರದ ಹಳ್ಳಿಗಳಿಂದ ಬೀಗರು ಬಂದು ಕೂಡುತ್ತಾರೆ. ಆ ದಿನ ಹತ್ತು ಗಂಟೆಗೆ ವಿಮಾನವಿದ್ದು, ಕೊನೆಯ ಗಳಿಗೆಯ ದುಬಾರಿ ಟಿಕೇಟು ಸಿಕ್ಕರೂ ಮಗ ಏಳಕ್ಕೆ ಮನೆ ಬಿಡಬೇಕು. ಹನ್ನೊಂದೂಕಾಲಿಗೆ ಹುಬ್ಬಳ್ಳಿ, ಹೊರಬರುವಾಗ ಮುಕ್ಕಾಲು, ಗಜೇಂದ್ರಗಡ ಮುಟ್ಟುವಾಗ ಮಧ್ಯಾಹ್ನ ಎರಡೂವರೆ. ಆರೂವರೆಗೆ ಕಾರು ಹತ್ತಿ ಹೊಸಪೇಟೆಯ ಮೇಲೆ ಹೊರಟಿದ್ದರೂ ಎರಡೂವರೆಗೇ ಬರುತ್ತಿದ್ದ. ವಿಮಾನ ಸಂಜೆಗಿದ್ದರಂತೂ ಕೇಳುವುದೇ ಬೇಡ. ಇಂಥ ಹೊತ್ತಿನಲ್ಲಿ ತಪ್ಪು ಲೆಕ್ಕದಿಂದ ಕಾದವರಿಗೂ ಸಂಕಟ, ಕಾಯಿಸಿದವನಿಗೂ ಬಾಳುದ್ದಕ್ಕೆ ಸಂಕಟ. ಆದ್ದರಿಂದ ಗಜೇಂದ್ರಗಡ, ರೋಣದ ಮನೆಗಳವರು "ವಿಮಾನ ಎಷ್ಟೊತ್ತು" ಎಂದು ಕೇಳುವುದನ್ನು ಬಿಟ್ಟು "ವಿಮಾನ ಎಷ್ಟು ಗಂಟೆಗೆ" ಎಂದು ಕೇಳಬೇಕು. ದಿನಕ್ಕೆ ಒಂದೋ ಎರಡೋ ಬಾರಿ ಮಾತ್ರ ಹಾರುವ ಮಾರ್ಗದಲ್ಲಿ ಹಾರಾಟದ ಅವಧಿಗಿಂತ ಕಾಯುವ ಅವಧಿಯೇ ದೊಡ್ಡದು. ಬಸ್ಸು ತಪ್ಪಿದರೆ ಮುಂದಿನ ಬಸ್ಸಿದೆ. ವಿಮಾನ ತಪ್ಪಿದರೆ ಮುಂದಿನ ಹೊತ್ತೋ ಮರುದಿನವೋ.

ಹಾಗಾದರೆ ಹತ್ತಿರದಲ್ಲೇ ಇನ್ನೊಂದು ನಿಲ್ದಾಣವಿದ್ದರೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಗಜೇಂದ್ರಗಡದವರ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆಯೇ. ಪೂರ್ವಕ್ಕೆ ತೋರಣಗಲ್ಲಿನ ಬಳಿ ವಿದ್ಯಾನಗರ ನಿಲ್ದಾಣವಿದೆ. ಗಜೇಂದ್ರಗಡದಿಂದ ಅಲ್ಲಿಗೆ ನೇರ ದೂರ ಸುಮಾರು 94 ಕಿ.ಮೀ., ಹುಬ್ಬಳ್ಳಿಗಿಂತ ಹತ್ತು ಕಡಿಮೆ. ಅದೂ ಹೋಗುವ ದಿಕ್ಕಿನಲ್ಲಿಯೇ ಇದೆ. ಕೇಂದ್ರ ಸರ್ಕಾರ 2016ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಕಂಪನಿ ಅಲ್ಲಿಂದ ಹೈದರಾಬಾದಿಗೆ ಹಾರಾಟ ಆರಂಭಿಸಿತು. ಒಂದು ಗಂಟೆಯ, ಸುಮಾರು 500 ಕಿ.ಮೀ.ನ ಹಾರಾಟಕ್ಕೆ 2,500 ರೂಪಾಯಿ ಎಂಬುದು ಆ ಯೋಜನೆ ಆರಂಭದಲ್ಲಿ ಇಟ್ಟ ಮಿತಿ. ಅದು ಎಲ್ಲ ಆಸನಗಳಿಗೂ ಅಲ್ಲ, ಒಂದು ಪಾಲು ಆಸನಗಳಿಗೆ ಮಾತ್ರ. ನಷ್ಟ ತುಂಬಿಕೊಡುವ ಸರ್ಕಾರದ ನೆರವಿಗೂ ಮೂರು ವರ್ಷದ ಗಡುವಿತ್ತು. ಗಡುವು ಮುಗಿದ ಮೇಲೆ ಸ್ವಂತ ಕಾಲ ಮೇಲೆ ನಿಲ್ಲಲಾರದೆ ಹಲವು ಮಾರ್ಗಗಳು ದೇಶದುದ್ದಕ್ಕೂ ನಿಂತುಹೋದವು. 2022ರಲ್ಲಿ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಓಡುದಾರಿಯೊಂದಿದ್ದರೆ ಸಾಲದು, ಅದರ ಮೇಲೆ ನಿತ್ಯ ವಿಮಾನ ಇಳಿಯಬೇಕು. ವಿಮಾನ ಇಳಿಯಬೇಕಾದರೆ ಆಸನ ತುಂಬುವಷ್ಟು ಜನ ನಿತ್ಯ ಹತ್ತಬೇಕು. ಪ್ರತಿ ಜಿಲ್ಲೆಗೊಂದು ನಿಲ್ದಾಣ ಎಂದು ವೇದಿಕೆಯ ಮೇಲೆ ಕೇಳಿಬರುವ ಮಾತಿಗೆ ಚಪ್ಪಾಳೆ ಹೊಡೆಯುವ ಮುನ್ನ ಈ ಲೆಕ್ಕವನ್ನೂ ಕೇಳಬೇಕೆಂದು ನನಗನ್ನಿಸುತ್ತದೆ. ಗದಗಿನಿಂದ ಗಜೇಂದ್ರಗಡದ ರಸ್ತೆಯಲ್ಲಿ ಮುಕ್ಕಾಲು ಗಂಟೆ ಉಳಿಸಿದರೆ ವಿಮಾನದ ಪ್ರಯಾಣಿಕರಿಗೂ ಮುಕ್ಕಾಲು ಗಂಟೆ ಉಳಿಯಿತು, ಜೊತೆಗೆ ಎಂದೂ ವಿಮಾನ ಹತ್ತದ ಸಾವಿರಾರು ಜನರಿಗೂ ಉಳಿಯಿತು.

ಎರಡು ಪ್ರಾದೇಶಿಕ ನಿಲ್ದಾಣಗಳ ನಡುವಿನ ದೂರ ಎಷ್ಟು ಮೋಸದ್ದು ಎಂಬುದಕ್ಕೆ ಕಲಬುರಗಿ ಒಂದು ಉದಾಹರಣೆ. 2019ರ ನವೆಂಬರ್ 22ರಂದು ಆ ನಿಲ್ದಾಣ ಆರಂಭವಾಯಿತು. ಹುಬ್ಬಳ್ಳಿಯಿಂದ ನೇರ ಗೆರೆ ಎಳೆದರೆ ಸುಮಾರು 295 ಕಿ.ಮೀ. ಆದರೆ ಆ ಗೆರೆಯ ಮೇಲೆ ವಿಮಾನವಿಲ್ಲದಿದ್ದಾಗ ಪ್ರಯಾಣಿಕರು ಬೆಂಗಳೂರನ್ನು ಸುತ್ತಬೇಕು. ಹೋಗುವಾಗ 370, ಅಲ್ಲಿಂದ ಕಲಬುರಗಿಗೆ 460ರ ಸುಮಾರು, ಒಟ್ಟು 830 ಕಿ.ಮೀ. ನಡುವೆ ಕಾಯುವ ಹೊತ್ತು ಬೇರೆ. ಕಂಪ್ಯೂಟರಿನಲ್ಲಿ ಎರಡು ನಿಲ್ದಾಣಗಳ ಹೆಸರು ಕೊಟ್ಟರೆ '295 ಕಿ.ಮೀ., ಮುಕ್ಕಾಲು ಗಂಟೆ' ಎಂಬ ಉತ್ತರ ಬರಬಹುದು. ಅಂಥ ವಿಮಾನ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ರೋಣದವರು ಕಲಬುರಗಿಗೆ ಹೋಗಬೇಕಾದರೆ ವಿಮಾನದ ಯೋಚನೆಯನ್ನೇ ಮಾಡಬೇಕಾಗಿಲ್ಲ, ಊರಿನಿಂದಲೇ ನೇರ ದೂರ 220 ಕಿ.ಮೀ.ನಷ್ಟಿದೆ.

ಕೊನೆಗೆ ವೇಳಾಪಟ್ಟಿ ನೋಡುವಾಗ ಗಮನಿಸಬೇಕಾದ ಎರಡು ವಿಷಯ. ವಿಮಾನವೂ ನಮ್ಮ ವಾಯವ್ಯ ಸಾರಿಗೆಯ ಬಸ್ಸಿನಂತೆ ಸರದಿಯ ಮೇಲೆ ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡುವ ವಿಮಾನ ಸಾಮಾನ್ಯವಾಗಿ ಸ್ವಲ್ಪ ಮೊದಲು ಬೇರೆಲ್ಲಿಂದಲೋ, ಹೆಚ್ಚಾಗಿ ಬೆಂಗಳೂರಿನಿಂದಲೇ, ಬಂದಿರುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯಲ್ಲಿ ಮಂಜು ಕವಿದು ಅಲ್ಲಿಂದ ಹೊರಡುವುದು ತಡವಾದರೆ, ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿದ್ದರೂ ನೀವು ಕಾಯಬೇಕು. ಆದ್ದರಿಂದ ಮನೆ ಬಿಡುವ ಮುನ್ನ ನಿಮ್ಮ ವಿಮಾನದ ಜೊತೆಗೆ, ಅದು ಬರಬೇಕಾದ ಹಿಂದಿನ ಹಾರಾಟ ಹೊರಟಿದೆಯೇ ಎಂದೂ ಕಂಪನಿಯನ್ನು ವಿಚಾರಿಸಿ. ಎರಡನೆಯದು, ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ, ಬದಲಾಗುತ್ತದೆ. ಕೆಲವು ವಿಮಾನಗಳು ವಾರದ ಎಲ್ಲ ದಿನವೂ ಇರುವುದಿಲ್ಲ. ದೀಪಾವಳಿಗೆ ಊರಿಗೆ ಬಂದ ಮಗಳು ನವೆಂಬರಿನಲ್ಲಿ ಮರಳುವುದಿದ್ದರೆ, ಅವಳು ಬಂದ ವಿಮಾನವೇ ಅದೇ ಹೊತ್ತಿಗೆ ಸಿಗುತ್ತದೆಂದು ನಂಬಿ ಗದಗಿನ ಕಾರಿಗೆ ಮುಂಗಡ ಕೊಡುವ ಮುನ್ನ ಹೊಸ ಪಟ್ಟಿಯಲ್ಲಿ ವಾರ ಮತ್ತು ವೇಳೆ ಎರಡನ್ನೂ ನೋಡಿಕೊಳ್ಳಿ.